ರಕ್ತದಲ್ಲೇ ಇರುವ ನಿದ್ರಾದ್ರವ್ಯ

ಶಸ್ತ್ರಚಿಕಿತ್ಸೆಗೆ ಹೊರಟವರು ಕತ್ತಿಗಿಂತ ಹೆಚ್ಚಾಗಿ ಅಂಜುವುದು ಮತ್ತು ಬರಿಸುವ ಮದ್ದಿಗೆ. ಮಲಗಿದವರು ಏಳದೆ ಹೋದರೆ? ಈ ಶಂಕೆ ಹೊಸದೇನೂ ಅಲ್ಲ. ಇದಕ್ಕೆ ಉತ್ತರ ಹುಡುಕುವ ದೊಡ್ಡದೊಂದು ಪ್ರಯತ್ನ ನಡೆದದ್ದು ಹೈದರಾಬಾದಿನಲ್ಲಿ. ಬೀದರ, ಭಾಲ್ಕಿ, ಔರಾದಗಳು ನಿಜಾಮರ ಆಳಿಕೆಗೆ ಒಳಪಟ್ಟಿದ್ದ ದಿನಗಳಲ್ಲಿ.

ಅಲ್ಲಿಯ ರೆಸಿಡೆನ್ಸಿ ಸರ್ಜನ್ ಎಡ್ವರ್ಡ್ ಲಾರಿ ಬಲು ಹಠವಾದಿ. ಕ್ಲೋರೋಫಾರ್ಮ್ ಅತಿಯಾದರೆ ಮೊದಲು ನಿಲ್ಲುವುದು ಉಸಿರು, ಹೃದಯವಲ್ಲ. ಆದುದರಿಂದ ನಾಡಿ ಹಿಡಿದು ಕೂರುವುದನ್ನು ಬಿಟ್ಟು ಉಸಿರನ್ನು ಕಾಯಿರಿ ಎಂಬುದು ಆತನ ವಾದ. 1888ರಲ್ಲಿ ಒಂದು ಆಯೋಗ ನಡೆಯಿತು. ಲಂಡನ್ನಿನ 'ಲ್ಯಾನ್ಸೆಟ್' ಪತ್ರಿಕೆ ಅದನ್ನು ಒಪ್ಪಲಿಲ್ಲ. ನಿಜಾಮ್ ಮಹಬೂಬ್ ಅಲಿ ಖಾನರು ಹಣ ಕೊಟ್ಟರು. 1889ರಲ್ಲಿ ಲಾಡರ್ ಬ್ರಂಟನ್ ಎಂಬ ಪಂಡಿತ ಹಡಗೇರಿ ಬಂದ. ನಾಯಿ, ಕೋತಿ, ಆಡು, ಕುದುರೆಗಳೆನ್ನದೆ ನೂರಾರು ಪ್ರಾಣಿಗಳ ಮೇಲೆ ಪ್ರಯೋಗ ನಡೆದು, ಸಂಶಯದಿಂದ ಬಂದ ಪಂಡಿತನೇ ಲಾರಿಯ ಪಕ್ಷಕ್ಕೆ ವಾಲಿದ. ಪಾಪ, ಆ ಮೂಕಪ್ರಾಣಿಗಳನ್ನು ನೆನೆಯುವವರು ಯಾರು!

ಆದರೂ ತೀರ್ಪು ಅರ್ಧಸತ್ಯವಾಗಿತ್ತು. ಕ್ಲೋರೋಫಾರ್ಮ್ ಹೃದಯವನ್ನೇ ನೇರವಾಗಿ ಕೆಡಿಸಿ ಕೊಲ್ಲಬಲ್ಲುದೆಂದು 1911ರಲ್ಲಿ ಗುಡ್‌ಮನ್ ಲೆವಿ ಬೆಕ್ಕುಗಳಲ್ಲಿ ತೋರಿಸಿದ. ಲಾರಿ ಸೋತರೂ, ಉಸಿರನ್ನು ಕಾಯಬೇಕೆಂಬ ಆತನ ಪಾಠ ಸೋಲಲಿಲ್ಲ. ಆತನ ಶಿಷ್ಯೆ ರೂಪಾಬಾಯಿ ಫರ್ದೂನ್‌ಜಿ ಮತ್ತು ಬರಿಸುವುದನ್ನೇ ವೃತ್ತಿಯಾಗಿ ಕೈಕೊಂಡ ಜಗತ್ತಿನ ಮೊದಲ ಮಹಿಳೆಯರಲ್ಲೊಬ್ಬಳೆಂದು ಹೆಸರಾದಳು.

ಕ್ಲೋರೋಫಾರ್ಮ್ ಹೊರಗಿನ ವಿಷ. ಮತ್ತು ಬರಿಸುವ ವಸ್ತು ನಮ್ಮ ದೇಹದಲ್ಲೇ ಇದ್ದರೆ? 1941ರಲ್ಲಿ ಮಾಂಟ್ರಿಯಲ್‌ನ ಹಾನ್ಸ್ ಸೆಲ್ಯೆ ಇಲಿಗಳಿಗೆ ಪ್ರೊಜೆಸ್ಟರೋನ್ ಚುಚ್ಚಿದಾಗ ಅವು ಗಾಢವಾಗಿ ನಿದ್ರೆಹೋದವು. ಗರ್ಭವನ್ನು ಕಾಪಾಡುವ ಹಾರ್ಮೋನೇ ಅದು! ಇಂಥ ಸ್ಟೀರಾಯ್ಡುಗಳು ಮಿದುಳಿನಲ್ಲಿ 'ಗಾಬಾ' ಎಂಬ ದ್ರವ್ಯದ ಬಲವನ್ನು ಹೆಚ್ಚಿಸುತ್ತವೆಂಬುದು ತಿಳಿದದ್ದು 1980ರ ದಶಕದಲ್ಲಿ. ಉದ್ರೇಕಗೊಂಡ ನರಕೋಶಕ್ಕೆ 'ಸಾಕು, ಸುಮ್ಮನಿರು' ಎನ್ನುವ ಹಿರಿಯನೇ ಈ ಗಾಬಾ.

ಅರಿವು ಬರುವ ಮೊದಲೇ ಮದ್ದು ಬಂದಿತ್ತು. 1950ರ ದಶಕದ ಹೈಡ್ರಾಕ್ಸಿಡಯೋನ್ ರಕ್ತನಾಳಗಳನ್ನು ಉರಿಯೂತಕ್ಕೀಡುಮಾಡಿತು. 1970ರ ದಶಕದ ಆಲ್ತೆಸಿನ್ ಚೆನ್ನಾಗಿಯೇ ಕೆಲಸಮಾಡಿತು. ಆದರೆ ಅದನ್ನು ಕರಗಿಸಲು ಬಳಸಿದ, ಹರಳೆಣ್ಣೆಯಿಂದ ತಯಾರಾದ ದ್ರಾವಕ ಕೆಲವರಿಗೆ ಒಗ್ಗದೆ ಪ್ರಾಣಾಪಾಯ ತಂದಿತು. 1984ರಲ್ಲಿ ಅದು ಮಾರುಕಟ್ಟೆಯಿಂದ ಮರೆಯಾಯಿತು. ಸಂಗಡಿಗನ ತಪ್ಪಿಗೆ ಮದ್ದು ಶಿಕ್ಷೆ ಉಂಡಿತು. ಅದೇ ಅಲ್ಫಾಕ್ಸಲೋನನ್ನು ಮುಂದೆ ಸೈಕ್ಲೋಡೆಕ್ಸ್‌ಟ್ರಿನ್ ಎಂಬ ಸಕ್ಕರೆಯ ಬಳೆಯೊಳಗೆ ಕೂರಿಸಿ ನೀರಿನಲ್ಲಿ ಕರಗಿಸಿದರು. ಈಗ ಅದು ಅನೇಕ ದೇಶಗಳಲ್ಲಿ ನಾಯಿಬೆಕ್ಕುಗಳ ಮತ್ತುಮದ್ದು. ಪಶುವೈದ್ಯ ವಿಶ್ವವಿದ್ಯಾಲಯವನ್ನೇ ಊರಿನಲ್ಲಿಟ್ಟುಕೊಂಡಿರುವ ಬೀದರದವರಿಗೆ ಈ ಸಂಗತಿ ರುಚಿಸೀತು.

ಆದರೆ ಮನೆಮನೆಗೂ ತಟ್ಟುವ ಮಾತು ಬೇರೆಯೇ ಇದೆ. ಗರ್ಭಿಣಿಯ ರಕ್ತದಲ್ಲಿ ಪ್ರೊಜೆಸ್ಟರೋನಿನಿಂದ ಹುಟ್ಟುವ ಅಲೋಪ್ರೆಗ್ನನೋಲೋನ್ ತಿಂಗಳು ತಿಂಗಳೂ ಏರುತ್ತದೆ. ಹೆರಿಗೆಯಾದೊಡನೆ ಥಟ್ಟನೆ ಇಳಿಯುತ್ತದೆ. ಕೆಲವು ಬಾಣಂತಿಯರ ಮನಸ್ಸು ಈ ಇಳಿತವನ್ನು ತಾಳಲಾರದೆ ಕುಸಿಯುತ್ತದೆಂದು ವಿಜ್ಞಾನಿಗಳ ಎಣಿಕೆ. ಕೂಸನ್ನು ಮುಟ್ಟಲೊಲ್ಲದೆ ಗೋಡೆಗೆ ಮುಖಮಾಡಿ ಮಲಗಿದವಳನ್ನು ಕಂಡು 'ಸೊಕ್ಕು' ಎನ್ನುವ ಅತ್ತೆಯರೂ, 'ಗಾಳಿ ಸೋಕಿದೆ' ಎಂದು ನಿವಾಳಿಸುವ ಅಜ್ಜಿಯರೂ ನಮ್ಮಲ್ಲಿ ಕಡಮೆಯಿಲ್ಲ. ಅವಳನ್ನು ವೈದ್ಯರ ಬಳಿಗೆ ಕರೆದೊಯ್ಯಬೇಕಾದ ಹೊತ್ತು ಅದು. ಸಾಯುವ ಮಾತನ್ನಾಡಿದರಂತೂ ತಡಮಾಡುವಂತೆಯೇ ಇಲ್ಲ.

2019ರಲ್ಲಿ ಅಮೆರಿಕ ಈ ದ್ರವ್ಯವನ್ನೇ ಬ್ರೆಕ್ಸನೋಲೋನ್ ಎಂಬ ಹೆಸರಿನಲ್ಲಿ ಇಂಥ ತಾಯಂದಿರ ಔಷಧವಾಗಿ ಮನ್ನಿಸಿತು; 2023ರಲ್ಲಿ ಅದರ ಬಂಧುವಾದ ಜುರನೋಲೋನ್ ಗುಳಿಗೆಯನ್ನೂ. ಗುಳಿಗೆಯನ್ನು ಹದಿನಾಲ್ಕು ದಿನ ಸಂಜೆ ನುಂಗಬೇಕು. ನುಂಗಿದ ಮೇಲೆ ಹನ್ನೆರಡು ಗಂಟೆ ವಾಹನ ನಡೆಸುವಂತಿಲ್ಲ. ಮೊದಲನೆಯದನ್ನು 60 ಗಂಟೆ ರಕ್ತನಾಳದೊಳಕ್ಕೆ ಹನಿಸಬೇಕಾಗಿತ್ತು. ತಾಯಿ ಇದ್ದಕ್ಕಿದ್ದಂತೆ ಎಚ್ಚರ ತಪ್ಪಬಹುದಾದ್ದರಿಂದ, ಅಷ್ಟು ಹೊತ್ತೂ ರಕ್ತದ ಆಮ್ಲಜನಕವನ್ನು ಯಂತ್ರದಿಂದ ಕಾಯಬೇಕೆಂದು ಕಟ್ಟಪ್ಪಣೆಯಿತ್ತು. ಲಾರಿ ಸಾಹೇಬ ಬದುಕಿದ್ದರೆ ಮೀಸೆಯ ಮೇಲೆ ಕೈ ಹಾಕುತ್ತಿದ್ದನೋ ಏನೋ!