ಬೀಡಿ ಬಿಟ್ಟವರಿಗೆ ಎರಡನೆಯ ಮಾತು



ಎರಡು ವರ್ಷಗಳ ಹಿಂದಿನ ಸುಗ್ಗಿಯ ದಿನಗಳು. ಜೋಳದ ರಾಶಿ ಮುಗಿಸಿಕೊಂಡು ರೈತಾಪಿ ಜನ ಮಠಕ್ಕೆ ಬರುತ್ತಿದ್ದ ಹೊತ್ತಿನಲ್ಲಿ, ಎಪ್ಪತ್ತರ ಅಂಚಿನ ಹಿರಿಯರೊಬ್ಬರು ಮಗನ ಹೆಗಲು ಹಿಡಿದು ಬಂದು ನಮ್ಮೆದುರು ಕುಳಿತರು. ಅವರ ಗುರುತು ನಮಗೆ ಚೆನ್ನಾಗಿತ್ತು. ಹದಿನಾರು ವರ್ಷಗಳ ಹಿಂದೆ ಜಾತ್ರೆಯ ದಿನ ಬೀಡಿ ಕಟ್ಟನ್ನೂ ಬೆಂಕಿಪೊಟ್ಟಣವನ್ನೂ ನಮ್ಮ ಮುಂದಿಟ್ಟು, ಇನ್ನು ಈ ಜನ್ಮದಲ್ಲಿ ಮುಟ್ಟುವುದಿಲ್ಲವೆಂದು ಆಣೆ ಮಾಡಿದವರು ಅವರು. ಮೂವತ್ತು ವರ್ಷ ದಿನಕ್ಕೆರಡು ಕಟ್ಟು ಸೇದಿದ ಕೈ ಅದು. ಆದರೂ ಮಾಡಿದ ಆಣೆಯನ್ನು ಒಂದು ದಿನವೂ ಮುರಿಯಲಿಲ್ಲ. ಅಂದು ನಾವು ಅವರ ತಲೆಯ ಮೇಲೆ ಕೈಯಿಟ್ಟು, "ಇನ್ನು ನಿಮಗೆ ಯಾವ ಭಯವೂ ಇಲ್ಲ, ನಿಶ್ಚಿಂತೆಯಿಂದಿರಿ" ಎಂದು ಹರಸಿದ್ದೆವು.

ಈಗ ಬಂದವರು ತಲೆ ತಗ್ಗಿಸಿಯೇ ಮಾತನಾಡಿದರು. "ಅಜ್ಜಾರ, ನಾಕು ತಿಂಗಳಿಂದ ಕೆಮ್ಮು ಬಿಟ್ಟಿಲ್ಲ. ಕಫದಾಗ ಕೆಂಪು ಕಾಣಸ್ತೈತಿ. ಯಾರಿಗೂ ಹೇಳಿಲ್ಲ" ಎಂದರು. ಯಾಕೆ ಹೇಳಲಿಲ್ಲವೆಂದು ಕೇಳಿದೆವು. "ಕೆಮ್ಮಿದರ ಮಂದಿ ಏನಂತಾರ್ರಿ? ಮುದುಕ ಕದ್ದು ಸೇದತಾನ, ಅಜ್ಜಾರ ಮುಂದ ಮಾಡಿದ ಆಣಿ ಮುರದಾನ ಅಂತಾರ" ಎಂದರು.

ಮರುದಿನವೇ ಅವರನ್ನು ದೊಡ್ಡ ಆಸ್ಪತ್ರೆಗೆ ಕಳುಹಿಸಿದೆವು. ಶ್ವಾಸಕೋಶದ ಕ್ಯಾನ್ಸರ್ ಎಂದು ತಿಳಿಯಿತು. ರೋಗ ಎಲುಬಿನವರೆಗೂ ಇಳಿದಿತ್ತು. ಮರುವರ್ಷದ ಯುಗಾದಿಗೆ ಅವರಿರಲಿಲ್ಲ.

ಅಂದಿನಿಂದ ನಮ್ಮ ಮನಸ್ಸನ್ನು ಒಂದು ವಿಚಾರ ಕೊರೆಯುತ್ತಿದೆ. ಆ ಹಿರಿಯರು ತಮ್ಮ ಮಾತನ್ನು ಉಳಿಸಿಕೊಂಡರು. ನಾವು ಕೊಟ್ಟ ಮಾತು ಮಾತ್ರ ಪೂರ್ಣವಾಗಿರಲಿಲ್ಲ. "ಬಿಡಿರಿ" ಎಂಬ ಮೊದಲ ಮಾತನ್ನು ಹೇಳಿದೆವು. "ಬಿಟ್ಟ ಮೇಲೂ ಎಚ್ಚರದಿಂದಿರಿ" ಎಂಬ ಎರಡನೆಯ ಮಾತನ್ನು ಹೇಳಲಿಲ್ಲ. ಆ ಎರಡನೆಯ ಮಾತನ್ನು ಹೇಳುವುದಕ್ಕಾಗಿಯೇ ಇಂದಿನ ಈ ಬರಹ.

ಇದನ್ನು ಓದುತ್ತಿರುವ ಕೆಲವರ ಮನಸ್ಸಿನಲ್ಲಿ ಈಗಲೇ ಒಂದು ಪ್ರಶ್ನೆ ಎದ್ದಿರಬಹುದು. ಬಿಟ್ಟರೂ ರೋಗ ಬರುವುದಾದರೆ ಬಿಡುವುದೇಕೆ, ಸೇದುತ್ತಲೇ ಇರಬಾರದೇಕೆ? ಮೊದಲು ಇದಕ್ಕೆ ಉತ್ತರ ಹೇಳಬೇಕು.

ಇಂಗ್ಲೆಂಡಿನಲ್ಲಿ ರಿಚರ್ಡ್ ಡಾಲ್ ಎಂಬ ವೈದ್ಯ ವಿಜ್ಞಾನಿ ಇದ್ದರು. ಅವರೂ ಬ್ರಾಡ್‌ಫರ್ಡ್ ಹಿಲ್ ಎಂಬವರೂ ಸೇರಿ ಶ್ವಾಸಕೋಶದ ಕ್ಯಾನ್ಸರಿಗೆ ಧೂಮಪಾನ ಹೇಗೆ ಕಾರಣವೆಂಬುದನ್ನು 1950ರಲ್ಲಿ ಲೋಕಕ್ಕೆ ತೋರಿಸಿಕೊಟ್ಟರು. ಡಾಲ್ ಅವರು ಸ್ವತಃ ಸಿಗರೇಟು ಸೇದುತ್ತಿದ್ದವರು. ತಮ್ಮ ಅಧ್ಯಯನದ ಫಲ ಕಣ್ಣಿಗೆ ಬೀಳುತ್ತಲೇ ಬಿಟ್ಟರು. ನುಡಿದಂತೆ ನಡೆಯುವುದು ಎಂದರೆ ಇದೇ. 2005ರಲ್ಲಿ ಅವರು ತೀರಿಕೊಂಡಾಗ ಅವರ ವಯಸ್ಸು 92.

ಅದೇ ಡಾಲ್ ಮತ್ತು ಅವರ ಜೊತೆಗಾರ ರಿಚರ್ಡ್ ಪೀಟೋ ಅವರು 2000ದಲ್ಲಿ ಬ್ರಿಟನ್ನಿನ ಗಂಡಸರ ಒಂದು ಲೆಕ್ಕವನ್ನು ಮುಂದಿಟ್ಟರು. ಜೀವನಪೂರ್ತಿ ಸಿಗರೇಟು ಸೇದಿದ 100 ಜನರಲ್ಲಿ, 75 ವರ್ಷ ತುಂಬುವುದರೊಳಗೆ ಸುಮಾರು 16 ಜನ ಶ್ವಾಸಕೋಶದ ಕ್ಯಾನ್ಸರಿಗೆ ಬಲಿಯಾಗುತ್ತಾರೆ. 60ನೆಯ ವಯಸ್ಸಿಗೆ ಬಿಟ್ಟರೆ ಆ ಸಂಖ್ಯೆ 10ಕ್ಕೆ ಇಳಿಯುತ್ತದೆ. 50ಕ್ಕೆ ಬಿಟ್ಟರೆ 6, 40ಕ್ಕೆ ಬಿಟ್ಟರೆ 3, 30ಕ್ಕೆ ಬಿಟ್ಟರೆ 2ಕ್ಕೂ ಕಡಿಮೆ. ಎಂದೂ ಸೇದದವರಲ್ಲಿ ಅದು ಒಂದಕ್ಕಿಂತಲೂ ಕಡಿಮೆ. 2004ರಲ್ಲಿ ಬಂದ ಅವರ ಇನ್ನೊಂದು ಲೆಕ್ಕದ ಪ್ರಕಾರ, 60ರಲ್ಲಿ ಬಿಟ್ಟವನಿಗೂ ಸುಮಾರು 3 ವರ್ಷದ ಆಯುಸ್ಸು ಮರಳಿ ದೊರೆಯುತ್ತದೆ. 30ರಲ್ಲಿ ಬಿಟ್ಟವನಿಗೆ ಸುಮಾರು 10 ವರ್ಷ.

ಭಕ್ತರೇ, ಈ ಲೆಕ್ಕವನ್ನು ಎರಡು ಸಲ ಓದಬೇಕು. ಒಮ್ಮೆ ಮೇಲಿನಿಂದ ಕೆಳಗೆ ಓದಿದರೆ, ಯಾವ ವಯಸ್ಸಿನಲ್ಲಿ ಬಿಟ್ಟರೂ ಲಾಭವೇ ಉಂಟು ಎಂಬುದು ತಿಳಿಯುತ್ತದೆ. ತಡವಾಯಿತು ಎಂಬ ವಯಸ್ಸೇ ಇಲ್ಲ. ಇನ್ನೊಮ್ಮೆ ಕೆಳಗಿನಿಂದ ಮೇಲಕ್ಕೆ ಓದಿದರೆ, ತಡವಾಗಿ ಬಿಟ್ಟವನ ಪಾಲಿಗೆ ಅಪಾಯ ಸೊನ್ನೆಯಾಗಿಲ್ಲ ಎಂಬುದೂ ಕಾಣುತ್ತದೆ. ಎರಡೂ ಸತ್ಯ. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಡುವುದು ಅರ್ಧ ಸತ್ಯ.

ಸಾಲದ ಉಪಮೆಯಿಂದ ಇದನ್ನು ತಿಳಿಯಬಹುದು. ಸೇದುವವನು ದಿನದಿನಕ್ಕೂ ಹೊಸ ಸಾಲ ಮಾಡುತ್ತಿರುತ್ತಾನೆ. ಬಿಟ್ಟ ದಿನ ಹೊಸ ಸಾಲ ನಿಲ್ಲುತ್ತದೆ. ಇದು ಸಣ್ಣ ಮಾತಲ್ಲ. ಮನೆ ಉಳಿಯುವುದೇ ಅದರಿಂದ. ಆದರೆ ಹಳೆಯ ಪತ್ರ ಅಂದೇ ಹರಿದುಹೋಗುವುದಿಲ್ಲ. ಅದು ವರ್ಷ ವರ್ಷ ಕರಗುತ್ತ ಬರುತ್ತದೆ, ಪೂರ್ತಿ ಚುಕ್ತಾ ಆಗುವುದು ಕಷ್ಟ.

ಹೀಗೇಕೆ? ಹೊಗೆಯಲ್ಲಿರುವ ವಿಷ ಶ್ವಾಸನಾಳದ ಒಳಗೋಡೆಯ ಜೀವಕೋಶಗಳ ಮೂಲ ಬರಹವನ್ನೇ, ಅಂದರೆ ಡಿಎನ್ಎಯನ್ನೇ ತಿದ್ದಿಬಿಡುತ್ತದೆ. 2020ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ, ಸೇದುವವರ ಕೆಲವು ಜೀವಕೋಶಗಳಲ್ಲಿ 10 ಸಾವಿರದವರೆಗೆ ಇಂಥ ತಿದ್ದುಪಡಿಗಳು ಕಂಡುಬಂದವು. ಅದೇ ಸಂಶೋಧನೆ ಸಂತೋಷದ ಸಂಗತಿಯನ್ನೂ ಹೇಳಿತು. ಬಿಟ್ಟವರ ಶ್ವಾಸನಾಳದಲ್ಲಿ ಹೆಚ್ಚುಕಡಿಮೆ ಹಾನಿಯಿಲ್ಲದ ಜೀವಕೋಶಗಳು ಮತ್ತೆ ಬೆಳೆದಿದ್ದವು. ಸೇದುವವರಲ್ಲಿ ಇದ್ದುದಕ್ಕಿಂತ ಅವು ಸುಮಾರು ನಾಲ್ಕು ಪಟ್ಟು ಹೆಚ್ಚು. ಆದರೆ ಹಾನಿಗೊಂಡ ಜೀವಕೋಶಗಳೆಲ್ಲ ಅಳಿದು ಹೋಗಿರಲಿಲ್ಲ.

ಹೊಲ ಮಾಡಿದವರಿಗೆ ಇದು ಬೇಗ ತಿಳಿಯುತ್ತದೆ. ಕಸ ತುಂಬಿದ ಹೊಲವನ್ನು ಹರಗಿ, ಆಯ್ದು ಹಸನು ಮಾಡಿದ ಮೇಲೆ ಒಳ್ಳೆಯ ಪೈರು ಬರುತ್ತದೆ. ಆದರೂ ಮಣ್ಣಿನೊಳಗೆ ಅವಿತ ಕಸದ ಬೀಜ ಹತ್ತು ಮಳೆಗಾಲ ಕಳೆದ ಮೇಲೂ ಒಂದು ದಿನ ಮೊಳೆತೀತು. ಬುದ್ಧಿವಂತ ರೈತ ಅದಕ್ಕೆ ಹೆದರಿ ಹೊಲವನ್ನು ಪಾಳು ಬಿಡುವುದಿಲ್ಲ, ಹಸನಾಯಿತೆಂದು ಬದುವಿನ ಮೇಲೆ ಮಲಗುವುದೂ ಇಲ್ಲ. ಆಗಾಗ ಒಂದು ಸುತ್ತು ನೋಡಿಕೊಂಡು ಬರುತ್ತಾನೆ.

ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಎಂಬ ಊರಿನ ಜನರ ಆರೋಗ್ಯವನ್ನು 1948ರಿಂದ ತಲೆಮಾರುಗಳ ಕಾಲ ಗಮನಿಸುತ್ತ ಬಂದಿದ್ದಾರೆ. ಅದರ ಆಧಾರದ ಮೇಲೆ 2018ರಲ್ಲಿ ಒಂದು ವರದಿ ಬಂತು. ಬಹಳ ಸೇದಿ ಬಿಟ್ಟವರಲ್ಲಿ, ಬಿಟ್ಟ 5 ವರ್ಷದೊಳಗೇ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಸೇದುತ್ತಲೇ ಇರುವವರಿಗಿಂತ ಶೇಕಡಾ 39ರಷ್ಟು ಇಳಿದಿತ್ತು. ಆದರೆ 25 ವರ್ಷ ಕಳೆದ ಮೇಲೂ, ಎಂದೂ ಸೇದದವರಿಗಿಂತ ಅದು ಮೂರು ಪಟ್ಟಿಗೂ ಹೆಚ್ಚಾಗಿಯೇ ಉಳಿದಿತ್ತು. ನಮ್ಮ ಆ ಹಿರಿಯರು ಬಿಟ್ಟು ಹದಿನಾರು ವರ್ಷವಾಗಿತ್ತು. ಅವರ ಕೆಮ್ಮು ಆಣೆ ಮುರಿದುದರ ಗುರುತಾಗಿರಲಿಲ್ಲ. ಅದನ್ನು ಊರೂ ಅರಿಯಲಿಲ್ಲ, ನಾವೂ ಅರಿಯಲಿಲ್ಲ.

ಇವೆಲ್ಲ ಸಿಗರೇಟಿನ ಮಾತು, ನಮ್ಮದು ಎಲೆಯಲ್ಲಿ ಸುತ್ತಿದ ಬೀಡಿ, ಅದರಲ್ಲಿ ತಂಬಾಕು ಕಡಿಮೆ ಎನ್ನುವವರಿದ್ದಾರೆ. ಬೀಡಿಯಲ್ಲಿ ಇರುವುದು ಸಿಗರೇಟಿನ ಕಾಲುಭಾಗದಷ್ಟು ತಂಬಾಕು ಎಂಬುದು ನಿಜ. ಆದರೂ ನಮ್ಮ ದೇಶದಲ್ಲೇ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಬೀಡಿ ಸೇದುವ ಗಂಡಸರು ಸುಮಾರು 6 ವರ್ಷ, ಬೀಡಿ ಸೇದುವ ಹೆಂಗಸರು ಸುಮಾರು 8 ವರ್ಷ ಆಯುಸ್ಸು ಕಳೆದುಕೊಳ್ಳುತ್ತಾರೆ. ಎಲೆ ಯಾವುದಾದರೇನು, ಒಳಗೆ ಹೋಗುವುದು ಹೊಗೆಯೇ.

ಇನ್ನು ಆ ಹಿರಿಯರ ಬಾಯಿ ಕಟ್ಟಿದ ನಾಚಿಕೆಯ ವಿಚಾರ. ರೋಗ ಬಂದವನನ್ನು ಕಂಡು "ಮಾಡಿದ್ದುಣ್ಣೋ ಮಹಾರಾಯ" ಎನ್ನುವ ನಾಲಗೆ ನಮ್ಮ ಹಳ್ಳಿಗಳಲ್ಲಿ ಬಹಳ ಚುರುಕು. ಈ ಮಾತನ್ನು ನಾವು ಒಪ್ಪುವುದಿಲ್ಲ. ಹದಿನಾಲ್ಕು ವಯಸ್ಸಿನಲ್ಲಿ ದನ ಕಾಯುವಾಗ ಹಿರಿಯರೇ ಕೈಗಿತ್ತ ಬೀಡಿ ಅದು. ಬಿಡಬೇಕೆಂದರೂ ಬಿಡಗೊಡದ ನಿಕೋಟಿನ್ ಅದರೊಳಗಿದೆ. ಅದನ್ನು ಗೆದ್ದು ಬಂದವನು ವೀರ. ಅವನಿಗೆ ರೋಗ ಬಂದರೆ ಅದು ಶಿಕ್ಷೆಯಲ್ಲ, ದೇಹಕ್ಕೆ ಬಂದ ವ್ಯಾಧಿ. ಎಂದೂ ಸೇದದ ನಮ್ಮ ತಾಯಂದಿರಿಗೂ ಒಲೆಯ ಹೊಗೆಯಿಂದ, ಗಂಡನ ಬೀಡಿಯ ಹೊಗೆಯಿಂದ ಈ ರೋಗ ಬರುವುದುಂಟು. ಅವರು ಯಾವ ತಪ್ಪು ಮಾಡಿದ್ದರು? ಕೆಮ್ಮುವವನನ್ನು ಕಂಡರೆ "ಕದ್ದು ಸೇದಿದೆಯಾ?" ಎನ್ನಬೇಡಿ. "ನಡೆ, ಡಾಕ್ಟರ ಹತ್ತಿರ ಹೋಗೋಣ" ಎನ್ನಿರಿ.

ಹೋಗುವುದು ಯಾವಾಗ? ಮೂರು ವಾರ ಕಳೆದರೂ ನಿಲ್ಲದ ಕೆಮ್ಮು, ಹಳೆಯ ಕೆಮ್ಮಿನ ಧಾಟಿ ಬದಲಾಗುವುದು, ಕಫದಲ್ಲಿ ರಕ್ತ, ಬಿಡದ ಎದೆನೋವು, ಏದುಸಿರು, ಒಡೆದ ದನಿ, ಕಾರಣವಿಲ್ಲದೆ ಇಳಿಯುವ ತೂಕ, ಮೇಲಿಂದ ಮೇಲೆ ಬರುವ ನ್ಯುಮೋನಿಯಾ. ಇವುಗಳಲ್ಲಿ ಒಂದು ಕಂಡರೂ ತಡಮಾಡಬಾರದು. ಇವೆಲ್ಲ ಕ್ಯಾನ್ಸರೇ ಆಗಬೇಕೆಂದಿಲ್ಲ. ನಮ್ಮ ನಾಡಿನಲ್ಲಿ ಇಂಥ ಕೆಮ್ಮು ಅನೇಕ ಸಲ ಕ್ಷಯವಾಗಿರುತ್ತದೆ. ಆದರೆ ಕ್ಯಾನ್ಸರನ್ನು ಕ್ಷಯವೆಂದೇ ತಿಳಿದು ತಿಂಗಳುಗಟ್ಟಲೆ ಮಾತ್ರೆ ನುಂಗಿ ಕಾಲ ಕಳೆದುಕೊಂಡವರೂ ಇದ್ದಾರೆ. ಕಫದ ಪರೀಕ್ಷೆಯಲ್ಲಿ ಕ್ಷಯ ಕಾಣದಿದ್ದರೆ, ಅಥವಾ ಔಷಧಿ ತೆಗೆದುಕೊಂಡರೂ ಗುಣ ಕಾಣದಿದ್ದರೆ, ಬೇರೇನಾದರೂ ಇದೆಯೇ ನೋಡಿ ಎಂದು ವೈದ್ಯರನ್ನು ಕೇಳುವುದು ಅಧಿಕಪ್ರಸಂಗವಲ್ಲ.

ವೈದ್ಯರ ಮುಂದೆ ಒಂದು ಮಾತನ್ನು ಮರೆಯದೆ ಹೇಳಬೇಕು. ಎಷ್ಟು ವರ್ಷ ಸೇದಿದಿರಿ, ದಿನಕ್ಕೆ ಎಷ್ಟು, ಬಿಟ್ಟು ಎಷ್ಟು ವರ್ಷವಾಯಿತು? "ಬೀಡಿ ಸೇದುತ್ತೀರಾ?" ಎಂದು ಅವರು ಕೇಳಿದಾಗ "ಇಲ್ಲ" ಎಂದು ಹೇಳಿ ಸುಮ್ಮನಾಗಬೇಡಿ. "ಈಗಿಲ್ಲ, ಮೊದಲು ಸೇದುತ್ತಿದ್ದೆ" ಎನ್ನಿರಿ. ಬಹಳ ಕಾಲ ಸೇದಿದವರು, 50 ದಾಟಿದವರು, ಯಾವ ಲಕ್ಷಣವಿಲ್ಲದಿದ್ದರೂ ಕಡಿಮೆ ವಿಕಿರಣದ ಸಿ.ಟಿ. ಸ್ಕ್ಯಾನ್ ತಮಗೆ ಬೇಕೇ ಎಂದು ವಿಚಾರಿಸಬಹುದು. ಅಮೆರಿಕದಲ್ಲಿ 53 ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎದೆಯ ಎಕ್ಸ್‌ರೇ ಮಾಡಿಸಿದವರಿಗಿಂತ ಈ ಸ್ಕ್ಯಾನ್ ಮಾಡಿಸಿದವರಲ್ಲಿ ಶ್ವಾಸಕೋಶದ ಕ್ಯಾನ್ಸರಿನ ಸಾವು ಶೇಕಡಾ 20ರಷ್ಟು ಕಡಿಮೆಯಾಗಿತ್ತು. ಮೊದಮೊದಲು, ಬಿಟ್ಟು 15 ವರ್ಷ ಕಳೆದವರಿಗೆ ಈ ಪರೀಕ್ಷೆ ಬೇಡವೆನ್ನುತ್ತಿದ್ದರು. 2023ರಲ್ಲಿ ಅಮೆರಿಕನ್ ಕ್ಯಾನ್ಸರ್ ಸೊಸೈಟಿ ಆ ಮಿತಿಯನ್ನೇ ತೆಗೆದುಹಾಕಿತು. ಹಳೆಯ ಕ್ಷಯದ ಕಲೆ ಇರುವವರಲ್ಲಿ ಈ ಸ್ಕ್ಯಾನ್ ಸುಳ್ಳು ಭಯ ಹುಟ್ಟಿಸುವುದೂ ಉಂಟು. ಆದ್ದರಿಂದ ವೈದ್ಯರ ಸಲಹೆಯಂತೆ ನಡೆಯುವುದು ಕ್ಷೇಮ. ಬೆಂಗಳೂರಿನ ಕಿದ್ವಾಯಿ ಸಂಸ್ಥೆ, ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆ ನಮ್ಮ ಜನರಿಗೆ ಪರಿಚಿತವೇ.

ಇನ್ನೂ ಸೇದುತ್ತಿರುವವರಿಗೆ ಮೊದಲ ಮಾತನ್ನೇ ಹೇಳುತ್ತೇವೆ: ಇಂದೇ ಬಿಡಿರಿ. ಇಳಕಲ್ಲಿನ ಡಾ. ಮಹಾಂತ ಸ್ವಾಮಿಗಳು ಜೋಳಿಗೆ ಹಿಡಿದು ಊರೂರು ಸುತ್ತಿ ಕಾಳುಕಡಿ ಬೇಡಲಿಲ್ಲ, ಜನರ ದುಶ್ಚಟಗಳನ್ನು ಬೇಡಿದರು. 2018ರಲ್ಲಿ ಅವರು ಲಿಂಗೈಕ್ಯರಾದರು. ಆ ಜೋಳಿಗೆ ಇಂದಿಗೂ ನಾಡಿನ ಕಣ್ಣ ಮುಂದಿದೆ. ಒಬ್ಬರೇ ಬಿಡಲಾಗದಿದ್ದರೆ 1800-11-2356 ಸಂಖ್ಯೆಗೆ ಫೋನು ಮಾಡಿರಿ. ಅದಕ್ಕೆ ದುಡ್ಡಿಲ್ಲ, ಚಟ ಬಿಡಿಸುವ ಬಗೆಯನ್ನು ಕನ್ನಡದಲ್ಲಿಯೇ ಹೇಳಿಕೊಡುತ್ತಾರೆ.

ಬಿಟ್ಟವರಿಗೆ ನಮ್ಮದು ಇಷ್ಟೇ ವಿನಂತಿ. ನೀವು ಮಾಡಿದ್ದು ದೊಡ್ಡ ಕೆಲಸ, ಅದರ ಫಲ ದಿನದಿನವೂ ನಿಮಗೆ ಸಿಗುತ್ತಿದೆ. ಆ ಹೆಮ್ಮೆಯ ಜೊತೆ ಎಚ್ಚರವೂ ಇರಲಿ. ಕೆಮ್ಮನ್ನು ಮುಚ್ಚಿಡಬೇಡಿ. ನಮ್ಮ ಮೇಲಿನ ಗೌರವದಿಂದಂತೂ ಮುಚ್ಚಿಡಲೇಬೇಡಿ. ಗುರುವಿನ ಮುಂದೆ ಮಾಡಿದ ಆಣೆ ನಿಮ್ಮನ್ನು ಉಳಿಸುವುದಕ್ಕೆ ಇರುವುದೇ ಹೊರತು, ನಿಮ್ಮ ಬಾಯಿ ಕಟ್ಟುವುದಕ್ಕಲ್ಲ.

ಈ ವರ್ಷದ ಜಾತ್ರೆಯಲ್ಲಿಯೂ ಬೀಡಿ ಕಟ್ಟನ್ನು ನಮ್ಮ ಮುಂದಿಡುವವರು ಬರುತ್ತಾರೆ. ಅವರ ತಲೆಯ ಮೇಲೆ ಕೈಯಿಟ್ಟು ಹರಸುತ್ತೇವೆ. ಆದರೆ "ಇನ್ನು ಭಯವಿಲ್ಲ" ಎಂದಷ್ಟೇ ಹೇಳಿ ಕಳುಹಿಸುವುದಿಲ್ಲ. "ಭಯ ಕಡಿಮೆಯಾಯಿತು, ಎಚ್ಚರ ಇರಲಿ, ಮೈಯಲ್ಲಿ ಹೆಚ್ಚುಕಡಿಮೆ ಕಂಡರೆ ಮೊದಲು ಡಾಕ್ಟರಿಗೆ ಹೇಳು, ಆಮೇಲೆ ನಮಗೆ ಹೇಳು" ಎನ್ನುತ್ತೇವೆ. ಆ ಹಿರಿಯರಿಗೆ ನಾವು ಹೇಳದೆ ಉಳಿದದ್ದು ಈ ಮಾತು.

ಸರ್ವರಿಗೂ ಮಂಗಳವಾಗಲಿ.