‘ಲಾಸ್ಟ್ ಸೀನ್’ ನೋಡೋ ಮಿದುಳು

ಬ್ರೇಕಪ್ ಆದ ಗೆಳೆಯರಿಗೆ ನಾವೆಲ್ಲ ಕೊಡೋ ಸಲಹೆ ಒಂದೇ: “ಬಿಟ್ಟಾಕು ಮಗಾ, ಮರೆತುಬಿಡು.” ಟೀ ಅಂಗಡಿ ಮುಂದೆ ನಿಂತು ಹೇಳೋರಿಗೆ ಸುಲಭ. ತಲೆಯಾಡಿಸಿದವನು ಹತ್ತು ನಿಮಿಷದಲ್ಲಿ ಮತ್ತೆ ವಾಟ್ಸಾಪ್ ತೆಗೆದು, ಅವಳು ಆನ್‌ಲೈನ್ ಇದ್ದಾಳಾ, ಡಿಪಿ ಬದಲಾಯ್ತಾ ಅಂತ ನೋಡ್ತಿರ್ತಾನೆ. ಹುಡುಗೀರೂ ಇದಕ್ಕೆ ಹೊರತಲ್ಲ. ಮನಸ್ಸು ಗಟ್ಟಿಯಿಲ್ಲ ಅಂತ ನಾವು ತೀರ್ಪು ಕೊಟ್ಟುಬಿಡ್ತೀವಿ. ಮಿದುಳಿನ ಒಳಗೆ ಇಣುಕಿದವರು ಹೇಳೋದೇ ಬೇರೆ.

2010ರಲ್ಲಿ ಅಮೆರಿಕದ ಹೆಲೆನ್ ಫಿಶರ್, ಆರ್ಥರ್ ಆರನ್, ಲೂಸಿ ಬ್ರೌನ್ ಮತ್ತು ಸಂಗಡಿಗರು ಒಂದು ಅಧ್ಯಯನ ಪ್ರಕಟಿಸಿದರು. ಪ್ರೀತಿಸಿದವರು ಬಿಟ್ಟುಹೋಗಿ ಸರಾಸರಿ 63 ದಿನವಾಗಿದ್ದರೂ ಪ್ರೀತಿ ಇಳಿಯದ 15 ಜನರನ್ನ ಸ್ಕ್ಯಾನರ್‌ನಲ್ಲಿ ಮಲಗಿಸಿ, ಬಿಟ್ಟುಹೋದವರ ಫೋಟೊ ತೋರಿಸಿದರು. ಎಚ್ಚರವಿರೋ ಹೊತ್ತಿನ ಶೇ 85ಕ್ಕಿಂತ ಹೆಚ್ಚು ಅವರದ್ದೇ ಯೋಚನೆ ಅಂತ ಇವರು ಹೇಳಿಕೊಂಡಿದ್ದರು. (ಮಿಕ್ಕ ಹದಿನೈದರಲ್ಲಿ ಊಟ, ಸ್ನಾನ, ಆಫೀಸು. ಅಪ್ರೈಸಲ್ ಗತಿ ದೇವರೇ ಬಲ್ಲ.) ಫೋಟೊ ನೋಡಿದಾಗ, ಡೋಪಮೈನ್ ಹೊರಡೋ ವಿಟಿಎ ಅನ್ನೋ ಪುಟ್ಟ ಜಾಗ, ಅದು ತಲುಪೋ ನ್ಯೂಕ್ಲಿಯಸ್ ಅಕಂಬೆನ್ಸ್, ಎರಡೂ ಚುರುಕಾದವು. ಹೊಸದಾಗಿ ಪ್ರೀತಿಗೆ ಬಿದ್ದವರಲ್ಲೂ ವಿಟಿಎ ಹೀಗೇ ಚುರುಕಾಗುತ್ತೆ. ಕೊಕೇನ್ ಚಟದವರಿಗೆ ಹಂಬಲ ಎದ್ದಾಗಲೂ ಇದೇ ದಾರಿ. ಎದುರಿಗಿರೋರು ಹೋಗಿಯಾಯ್ತು, ಬೇಕು ಅನ್ನೋದು ಮಾತ್ರ ನಿಂತಿಲ್ಲ.

ಡೋಪಮೈನ್ ಅಂದ್ರೆ ಖುಷಿಯ ರಾಸಾಯನಿಕ ಅಂತ ರೀಲ್ಸ್‌ನಲ್ಲಿ ಹೇಳ್ತಾರಲ್ಲ, ಅದು ಅರ್ಧ ಮಾತು. 1990ರ ದಶಕದಲ್ಲಿ ವೋಲ್ಫ್ರಾಮ್ ಷುಲ್ಟ್ಸ್ ಕೋತಿಗಳಿಗೆ ಹಣ್ಣಿನ ರಸ ಕೊಟ್ಟು ನೋಡಿದರು. ಅನಿರೀಕ್ಷಿತವಾಗಿ ರಸ ಸಿಕ್ಕಾಗ ಡೋಪಮೈನ್ ಕೋಶಗಳು ಜೋರಾಗಿ ಮಿಡಿದವು. ದೀಪ ಹತ್ತಿದ ಮೇಲೆ ರಸ ಬರುತ್ತೆ ಅಂತ ಕಲಿತ ಮೇಲೆ, ದೀಪಕ್ಕೇ ಮಿಡಿತ. ದೀಪ ಹತ್ತಿಯೂ ರಸ ಬರದಿದ್ದರೆ, ಅದು ಬರಬೇಕಿದ್ದ ಗಳಿಗೆಗೆ ಸರಿಯಾಗಿ ಮಿಡಿತ ಕುಸಿಯಿತು.

ವಾಟ್ಸಾಪಿನ ‘ಆನ್‌ಲೈನ್’ ನನ್ನ ಪ್ರಕಾರ ಆ ದೀಪ. ಒಂದು ಕಾಲದಲ್ಲಿ ಅದು ಕಂಡರೆ ಬೆನ್ನಿಗೇ ಮೆಸೇಜ್ ಬರ್ತಿತ್ತು. ಈಗ ದೀಪ ಹತ್ತುತ್ತೆ, ಏನೂ ಬರಲ್ಲ. ಹಾಗೇ ಬಿಟ್ಟಿದ್ದರೆ ನಿಧಾನಕ್ಕೆ ಮಿದುಳು ಹೊಸ ಲೆಕ್ಕ ಕಲಿಯುತ್ತಿತ್ತು. ಆದರೆ ತಿಂಗಳಿಗೊಮ್ಮೆ ರಾತ್ರಿ ಹನ್ನೊಂದಕ್ಕೆ “ಹೇಗಿದ್ದೀಯಾ?” ಅಂತ ಬಂದುಬಿಟ್ಟರೆ? ಅನಿರೀಕ್ಷಿತ ರಸ! ಮೊದಲಿಂದ ಶುರು. “ಫ್ರೆಂಡ್ಸ್ ಆಗಿರೋಣ” ಅನ್ನೋ ಒಪ್ಪಂದ ಮೊದಲ ಕೆಲವು ತಿಂಗಳು ಬೇಡ ಅಂತ ನಾನು ಹೇಳೋದು ಅದಕ್ಕೇ.

ಇಷ್ಟೆಲ್ಲ ಬಯಕೆಯ ಮಾತಾಯ್ತು. ನಂಟಿನ ಲೆಕ್ಕ ಬೇರೆ. ಉತ್ತರ ಅಮೆರಿಕದ ಹುಲ್ಲುಗಾವಲಿನಲ್ಲಿ ಪ್ರೈರಿ ವೋಲ್ ಅಂತ ಇಲಿಯಂಥ ಪ್ರಾಣಿ ಇದೆ, ಜೋಡಿ ಕಟ್ಟಿಕೊಂಡು ಬಾಳುತ್ತೆ. 2009ರಲ್ಲಿ ಒಲಿವರ್ ಬಾಷ್, ಲ್ಯಾರಿ ಯಂಗ್ ಮತ್ತಿತರರು ಗಂಡು ವೋಲ್‌ಗಳನ್ನ ಸಂಗಾತಿಯಿಂದ ಬೇರೆ ಮಾಡಿ, ನೀರಿಗೆ ಬಿಟ್ಟು ನೋಡಿದರು. ಈಜಾಡೋ ಪ್ರಯತ್ನ ಬಿಟ್ಟು ಸುಮ್ಮನೆ ತೇಲಿದವು. ಒಡಹುಟ್ಟಿದ ಗಂಡಿನಿಂದ ಬೇರೆಯಾದವು ಹಾಗೆ ಕೈಚೆಲ್ಲಲಿಲ್ಲ. ಸಿಆರ್‌ಎಫ್ ಅನ್ನೋ ಒತ್ತಡದ ರಾಸಾಯನಿಕಕ್ಕೆ ಮಿದುಳಲ್ಲಿ ತಡೆಯೊಡ್ಡಿದಾಗ ತೇಲೋದು ಕಡಿಮೆಯಾಯ್ತು. ನನಗೆ ಮೈ ಜುಮ್ ಅನಿಸಿದ್ದು ಇನ್ನೊಂದು ವಿಷಯ: ಅಗಲದೇ ಜೋಡಿಯಾಗಿಯೇ ಇದ್ದ ವೋಲ್‌ಗಳ ಮಿದುಳಲ್ಲೂ ಸಿಆರ್‌ಎಫ್ ತಯಾರಿ ಹೆಚ್ಚಿತ್ತು. ಸಂಕಟದ ಸರಂಜಾಮು ಸುಖದ ದಿನಗಳಲ್ಲೇ ಜೋಡಿಸಿಟ್ಟಾಗಿತ್ತು! ಹಾಗಾಗಿ, ಹೋದವರನ್ನ ವಾಪಸ್ ಬೇಡ ಅಂತ ತಾನೇ ತೀರ್ಮಾನಿಸಿದವಳೂ ಭಾನುವಾರ ಹಾಸಿಗೆ ಬಿಟ್ಟೇಳದಿದ್ದರೆ “ನೀನೇ ತಾನೇ ಬಿಟ್ಟಿದ್ದು?” ಅಂತ ಕೇಳಬೇಡಿ.

ಫಿಶರ್ ತಂಡದ ಸ್ಕ್ಯಾನ್‌ಗಳಲ್ಲಿ ಇನ್ನೊಂದು ಅಂಶವೂ ಇತ್ತು. ಬಿಟ್ಟುಹೋಗಿ ಹೆಚ್ಚು ದಿನ ಕಳೆದವರಲ್ಲಿ, ನಂಟಿಗೆ ಸಂಬಂಧಿಸಿದ ಒಂದು ಭಾಗದ ಚಟುವಟಿಕೆ ಕಡಿಮೆಯಿತ್ತು. ಆ ದಿನಗಳು ದಾಟಲಿ. ಅಲ್ಲೀವರೆಗೆ ಫ್ರೆಂಡ್ಸ್ ಮಾಡಬಹುದಾದ ಉಪಕಾರ ಒಂದಿದೆ: “ನೋಡು, ಗೋವಾಗೆ ಹೋಗಿದ್ದಾಳೆ” ಅಂತ ಅವಳ ಸ್ಟೇಟಸ್ ಸ್ಕ್ರೀನ್‌ಶಾಟ್ ತೆಗೆದು ಅವನಿಗೆ ಕಳಿಸಬೇಡಿ.