ಕಾರು ಬದಲಿಸುವ ಮುನ್ನ: ಮೂರು ತಾಲ್ಲೂಕುಗಳ ಮಹಾಜನರಲ್ಲಿ ಒಂದು ಬಿನ್ನಹ

ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ಮಾನ್ಯ ಮಹಾಜನರಲ್ಲಿ ಧನಗೆರೆಯ ನಿವಾಸಿಯೊಬ್ಬನ ಸವಿನಯ ವಿಜ್ಞಾಪನೆ.

ವಿದ್ಯುತ್ ಕಾರನ್ನು ಈಗಲೇ ಕೊಳ್ಳತಕ್ಕದ್ದೋ, ಇನ್ನೂ ನಾಲ್ಕಾರು ವರ್ಷ ತಡೆಯತಕ್ಕದ್ದೋ ಎಂಬ ಪ್ರಶ್ನೆಯು ಇತ್ತೀಚೆಗೆ ಮದುವೆಯ ಚಪ್ಪರದಲ್ಲಿಯೂ ರೇಷ್ಮೆ ಅಂಗಡಿಯ ಜಗಲಿಯಲ್ಲಿಯೂ ಸಮಾನವಾಗಿ ಕೇಳಿಬರುತ್ತಿದ್ದು, ಅದಕ್ಕೆ ದೊರೆಯುವ ಉತ್ತರಗಳಾದರೋ ಬಹುಮಟ್ಟಿಗೆ ಕೊಂಡವರ ಉತ್ಸಾಹದಿಂದಾಗಲಿ ಕೊಳ್ಳದವರ ಭೀತಿಯಿಂದಾಗಲಿ ಹುಟ್ಟಿದವುಗಳಾಗಿವೆ. ಕೊಂಡವನು ತಾನು ತೆತ್ತ ಹಣಕ್ಕೆ ಸಮರ್ಥನೆಯನ್ನು ಅರಸುತ್ತಾನೆ. ಕೊಳ್ಳದವನು ತನ್ನ ಹಿಂಜರಿಕೆಗೆ. ಇಬ್ಬರೂ ಸಜ್ಜನರೇ ಆದರೂ ಇವರ ಮಾತಿನಿಂದ ಮೂರನೆಯವನ ಮನೆಯ ಲೆಕ್ಕ ತೀರುವುದಿಲ್ಲ. ಆ ಲೆಕ್ಕವು ಅವನ ಕಾರು ವರ್ಷಕ್ಕೆ ಓಡುವ ಕಿಲೋಮೀಟರುಗಳಲ್ಲಿಯೂ, ಅವನ ಮನೆಯ ಗೋಡೆಯೊಳಗಿನ ತಂತಿಯಲ್ಲಿಯೂ, ಬೀದಿಯ ಕೊನೆಯಲ್ಲಿ ನಿಂತಿರುವ ಟಿ.ಸಿ.ಯಲ್ಲಿಯೂ (ಟ್ರಾನ್ಸ್‌ಫಾರ್ಮರಿನಲ್ಲಿಯೂ) ಅಡಗಿದೆ. ಮೊದಲೆರಡು ಅವರವರ ಸ್ವಂತ ವಿಷಯ. ಮೂರನೆಯದು ಊರಿಗೆಲ್ಲ ಸಾಮಾನ್ಯವಾದದ್ದು. ಆದಕಾರಣವೇ, ಮನೆಯೊಳಗೇ ತೀರಬಹುದಾಗಿದ್ದ ಈ ವಿಚಾರವನ್ನು ಬಹಿರಂಗವಾಗಿ ನಿಮ್ಮ ಮುಂದಿಡುವ ಧೈರ್ಯ ಮಾಡಿದ್ದೇನೆ.

ವಿದ್ಯುತ್ತು ನಮ್ಮ ಸೀಮೆಗೆ ಅಪರಿಚಿತವಲ್ಲ. ನಮ್ಮ ಸಮೀಪದಲ್ಲಿಯೇ ಕಾವೇರಿಯು ಕವಲೊಡೆದು ಗಗನಚುಕ್ಕಿ ಭರಚುಕ್ಕಿಗಳಾಗಿ ಧುಮುಕುವ ಶಿವನಸಮುದ್ರದಲ್ಲಿ, ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಆರಂಭವಾದ ಯೋಜನೆಯು 1902ರಲ್ಲಿ ಫಲಿಸಿ, ಅಲ್ಲಿ ಹುಟ್ಟಿದ ಶಕ್ತಿಯು ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಆಗ ಕೊಳ್ಳೇಗಾಲವು ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದು, 1956ರ ರಾಜ್ಯಗಳ ಪುನರ್ವಿಂಗಡಣೆಯವರೆಗೂ ಮದರಾಸಿನ ಕಡೆಗೇ ಉಳಿದಿತ್ತಾದ್ದರಿಂದ, ಎದುರು ದಡದ ಆ ವಿದ್ಯುದಾಗಾರವು ಈ ದಡದವರಿಗೆ ಬಹುಕಾಲ ನೆರೆಮನೆಯವರ ವೈಭವವಾಗಿಯೇ ತೋರಿರಬೇಕು. (ದಿವಾನ್ ಪೂರ್ಣಯ್ಯನವರ ಜಹಗೀರಾಗಿದ್ದ ಯಳಂದೂರು ಮೈಸೂರಿಗೇ ಸೇರಿದ್ದುದರಿಂದ ಆ ತಾಲ್ಲೂಕಿನವರು ಈ ಮಾತಿಗೆ ಆಕ್ಷೇಪಿಸಬಹುದು, ಅವರ ಆಕ್ಷೇಪಣೆ ನ್ಯಾಯವಾದದ್ದೇ.) ಇಂದು ಆ ವಿದ್ಯುದಾಗಾರದ ಸಾಮರ್ಥ್ಯ 42 ಮೆಗಾವ್ಯಾಟ್. ಹೊಳೆ ತುಂಬಿ ಯಂತ್ರಗಳೆಲ್ಲ ತಿರುಗುವ ದಿನ, ಮನೆಯ ಪ್ಲಗ್ಗಿನಲ್ಲಿ ಮೂರು ಕಿಲೋವ್ಯಾಟಿನಂತೆ ಶಕ್ತಿಯನ್ನು ಪಡೆಯುವ ಹದಿನಾಲ್ಕು ಸಾವಿರ ಕಾರುಗಳಿಗೆ ಏಕಕಾಲದಲ್ಲಿ ಅದೊಂದೇ ಸಾಕಾದೀತು. ‘ಕಾರಿಗೆ ಹಾಕುವಷ್ಟು ಕರೆಂಟು ಎಲ್ಲಿಂದ ಬರುತ್ತದೆ’ ಎಂದು ಕೇಳುವವರಿಗೆ ನನ್ನ ಉತ್ತರವಿಷ್ಟೆ: ತೊಡಕು ಇರುವುದು ಕರೆಂಟು ಹುಟ್ಟುವಲ್ಲಿಯಲ್ಲ, ಅದು ನಮ್ಮ ಅಂಗಳವನ್ನು ತಲಪುವ ಕಡೆಯ ಇನ್ನೂರು ಗಜಗಳಲ್ಲಿ.

ಇತ್ತ ವಾಹನವೂ ಬೆಳೆದಿದೆ. 2001ರಲ್ಲಿ ಬೆಂಗಳೂರಿನಲ್ಲಿಯೇ ತಯಾರಾಗಿ ಮಾರಾಟಕ್ಕೆ ಬಂದ ‘ರೇವಾ’ ಎಂಬ ಪುಟ್ಟ ಕಾರು ಸೀಸದ ಬ್ಯಾಟರಿಯ ಬಲದಿಂದ ಒಮ್ಮೆಗೆ ಸುಮಾರು 80 ಕಿಲೋಮೀಟರು ಓಡುತ್ತಿತ್ತು. ಅದನ್ನೇರಿ ರಾಜಧಾನಿಯಿಂದ ನಮ್ಮ ಕಡೆಗೆ ಹೊರಟವನು ಕನಕಪುರ, ಸಾತನೂರುಗಳನ್ನು ದಾಟಿ ಹಲಗೂರಿನ ಆಸುಪಾಸಿನಲ್ಲಿ ಯಾರದಾದರೂ ಮನೆಯ ಪ್ಲಗ್ಗನ್ನು ಬೇಡಬೇಕಾಗುತ್ತಿತ್ತು. ಈಗ ಸಾಧಾರಣ ಬೆಲೆಯ ಕಾರಿನ ಲಿಥಿಯಂ ಬ್ಯಾಟರಿಯೂ 30 ಯೂನಿಟ್ಟಿನಷ್ಟು ಶಕ್ತಿಯನ್ನು ತುಂಬಿಕೊಳ್ಳುತ್ತದೆ. ಯೂನಿಟ್ಟಿಗೆ ಆರೇಳು ಕಿಲೋಮೀಟರಿನಂತೆ ಹಿಡಿದು, ಜಾಹೀರಾತಿನ ಅಂಕಿಯನ್ನು ಬದಿಗಿಟ್ಟು ನೋಡಿದರೆ, 180ರಿಂದ 200 ಕಿಲೋಮೀಟರಿನ ಓಟವನ್ನು ನಂಬಬಹುದು. ಕೊಳ್ಳೇಗಾಲದಿಂದ ಮೈಸೂರಿಗೆ ಹೋಗಿ ಬರುವುದಕ್ಕೆ ಅದು ಧಾರಾಳವಾಯಿತು. ಬೆಂಗಳೂರಿಗೆ ಹೋಗಿ ಬರುವುದಕ್ಕೆ ಸಾಲದು, ನಡುವೆ ಒಮ್ಮೆ ಚಾರ್ಜು ಮಾಡಲೇಬೇಕು.

ಇನ್ನು ಹಣದ ವಿಚಾರ. ಪೆಟ್ರೋಲು ಲೀಟರಿಗೆ ನೂರು ರೂಪಾಯಿಯ ಆಸುಪಾಸಿನಲ್ಲಿರುವಾಗ, ಲೀಟರಿಗೆ ಹದಿನಾರು ಕಿಲೋಮೀಟರು ಕೊಡುವ ಕಾರು ಪ್ರತಿ ಕಿಲೋಮೀಟರಿಗೆ ಆರು ರೂಪಾಯಿಗೆ ಮೇಲ್ಪಟ್ಟು ಸುಡುತ್ತದೆ. ಮನೆಯ ಕರೆಂಟಿನಲ್ಲಿ, ಯೂನಿಟ್ಟಿಗೆ ಆರು ರೂಪಾಯಿಯಂತೆ, ಅದೇ ದೂರಕ್ಕೆ ಒಂದು ರೂಪಾಯಿ ಬೀಳುತ್ತದೆ. ಉಳಿತಾಯ ಸ್ಥೂಲವಾಗಿ ಐದು ರೂಪಾಯಿ. ಹಾಗಾದರೆ, ಪೆಟ್ರೋಲು ಕಾರಿಗಿಂತ ವಿದ್ಯುತ್ ಕಾರಿಗೆ ಮೂರು ಲಕ್ಷ ರೂಪಾಯಿ ಹೆಚ್ಚು ಕೊಟ್ಟವನು ಆ ಮೊತ್ತವನ್ನು ಮರಳಿ ಪಡೆಯಬೇಕಾದರೆ 60,000 ಕಿಲೋಮೀಟರು ಓಡಿಸಬೇಕು. ಹನೂರಿನಿಂದ ದಿನವೂ ಮೈಸೂರಿಗೆ ಬಾಡಿಗೆ ಹೊಡೆಯುವ ಚಾಲಕನು ಇದನ್ನು ಎರಡು ವರ್ಷದೊಳಗೆ ಮುಗಿಸುತ್ತಾನೆ. ವ್ಯಾಪಾರಕ್ಕಾಗಿ ವಾರಕ್ಕೆ ಮೂರು ಸಲ ರಾಮನಗರಕ್ಕೆ ಓಡಾಡುವ ರೇಷ್ಮೆಯ ವರ್ತಕರೂ ಹೆಚ್ಚುಕಡಿಮೆ ಅಷ್ಟರಲ್ಲಿಯೇ ಮುಗಿಸುತ್ತಾರೆ. ಭಾನುವಾರದ ಸಂತೆಗೂ ಶ್ರಾವಣದ ಪೂಜೆಗೂ ಮಾತ್ರ ಕಾರನ್ನು ಹೊರತೆಗೆದು, ವರ್ಷಕ್ಕೆ 5,000 ಕಿಲೋಮೀಟರನ್ನು ಕಷ್ಟದಿಂದ ಮುಟ್ಟಿಸುವ ನಿವೃತ್ತ ಮೇಷ್ಟರಿಗಾದರೋ ಹನ್ನೆರಡು ವರ್ಷ ಬೇಕು. ಅಷ್ಟರಲ್ಲಿ ಬ್ಯಾಟರಿಯ ಮೇಲಿನ ಎಂಟು ವರ್ಷದ ವಾರಂಟಿ ತೀರಿಹೋಗಿರುತ್ತದೆ. ಬ್ಯಾಟರಿಯೆಂಬುದು ಓಡಿದಷ್ಟಕ್ಕೇ ಅಲ್ಲದೆ, ಶೆಡ್ಡಿನಲ್ಲಿ ನಿಂತು ಕಾಲ ಕಳೆದಷ್ಟಕ್ಕೂ ಸವೆಯತಕ್ಕ ವಸ್ತು. ಇದಕ್ಕಾಗಿ ಬ್ಯಾಂಕಿನ ಸಾಲವನ್ನೂ ಮಾಡಿದರೆ ಉಳಿತಾಯದ ಮಾತನ್ನು ಎತ್ತದಿರುವುದೇ ಲೇಸು.

ಇಲ್ಲಿ ರಾಜ್ಯ ಸರ್ಕಾರದ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯ ಪ್ರಸ್ತಾಪ ಮಾಡದೆ ಮುಂದುವರಿಯಲಾರೆ. ಮಾರಾಟಗಾರರು ಇದನ್ನು ಹೇಳುವುದಿಲ್ಲ, ಕೊಳ್ಳುವವರು ಕೇಳುವುದಿಲ್ಲ. 2023ರಿಂದ ನಮ್ಮಲ್ಲಿ ಅನೇಕರಿಗೆ ಮನೆಯ ಕರೆಂಟಿನ ಬಿಲ್ಲು ಸೊನ್ನೆಯಾಗಿ ಬರುತ್ತಿದೆ. ಆದರೆ ತಿಂಗಳ ಬಳಕೆ 200 ಯೂನಿಟ್ಟನ್ನು ಮೀರಿದೊಡನೆ ಮೀರಿದ ಭಾಗಕ್ಕೆ ಮಾತ್ರವಲ್ಲ, ಪೂರ್ತಿ ಬಳಕೆಗೆ ಹಣ ತೆರಬೇಕಾಗುತ್ತದೆ. ತಿಂಗಳಿಗೆ ಸಾವಿರ ಕಿಲೋಮೀಟರು ಓಡುವ ಕಾರು, ಚಾರ್ಜು ಮಾಡುವಾಗ ಸೋರುವುದನ್ನೂ ಸೇರಿಸಿ, 160 ಯೂನಿಟ್ಟನ್ನು ಕೇಳುತ್ತದೆ. ಮನೆಯ ದೀಪ, ಫ್ಯಾನು, ಮಿಕ್ಸಿ, ಟೀವಿಗಳಿಗೆ 60 ಯೂನಿಟ್ಟಾದರೆ ಒಟ್ಟು 220 ಆಯಿತು, ಸೊನ್ನೆಯ ಬಿಲ್ಲು ಸಾವಿರದ ಮುನ್ನೂರಕ್ಕೆ ಏರಿತು, ನಿಗದಿತ ಶುಲ್ಕ ಬೇರೆ. ಹಾಗೆಂದು ಎದೆಗೆಡಬೇಕಾಗಿಲ್ಲ: ಅದೇ ಸಾವಿರ ಕಿಲೋಮೀಟರಿಗೆ ಪೆಟ್ರೋಲಿನ ಖರ್ಚು ಆರು ಸಾವಿರಕ್ಕೆ ಮಿಕ್ಕುತ್ತದಾದ್ದರಿಂದ ಲಾಭವು ಲಾಭವೇ. ಪುಕ್ಕಟೆ ಕರೆಂಟಿನಲ್ಲಿ ಕಾರು ಓಡಿಸುವೆನೆಂದು ಲೆಕ್ಕ ಹಾಕಿದವರು ಮಾತ್ರ ಮೊದಲ ಬಿಲ್ಲಿನಲ್ಲಿಯೇ ಲೈನ್‌ಮನ್ನನೊಡನೆ ಜಗಳಕ್ಕೆ ನಿಲ್ಲುವರು. ಕಾರಿಗೆ ಪ್ರತ್ಯೇಕ ಮೀಟರು ದೊರೆಯುವುದೋ, ದೊರೆತರೆ ಯಾವ ದರದಲ್ಲಿ ಎಂಬುದನ್ನು ನಮಗೆ ವಿದ್ಯುತ್ ಸರಬರಾಜು ಮಾಡುವ ಸೆಸ್ಕ್ ಸಂಸ್ಥೆಯ ಉಪವಿಭಾಗದ ಕಚೇರಿಯಲ್ಲಿ ಮುಂಚಿತವಾಗಿಯೇ ವಿಚಾರಿಸುವುದು ಯುಕ್ತ.

ಪರಿಸರದ ಮೇಲಿನ ಪ್ರೀತಿಯಿಂದ, ಚೆನ್ನಾಗಿರುವ ಹಳೆಯ ಕಾರನ್ನು ಇಂದೇ ಮಾರಿಬಿಡಲು ಹೊರಟಿರುವ ತರುಣ ಮಿತ್ರರಲ್ಲಿ ಒಂದು ಮಾತು. ವರ್ಷಕ್ಕೆ 3,000 ಕಿಲೋಮೀಟರು ಮಾತ್ರ ಓಡುವ ಕಾರು ಸುಡುವ ಪೆಟ್ರೋಲು 190 ಲೀಟರನ್ನು ದಾಟದು. ಲೀಟರಿಗೆ ಸುಮಾರು 2.3 ಕಿಲೋಗ್ರಾಮಿನಂತೆ ಅದರ ಹೊಗೆಯಲ್ಲಿರುವ ಇಂಗಾಲದ ಡೈಆಕ್ಸೈಡು 430 ಕಿಲೋಗ್ರಾಮಿನ ಮೇರೆಯಲ್ಲಿರುತ್ತದೆ. ಹೊಸ ಕಾರಿನ ಬ್ಯಾಟರಿಯೊಂದನ್ನು ತಯಾರಿಸುವಾಗಲೇ ಎರಡು ಮೂರು ಟನ್ನು ಹೊರಬೀಳುವುದೆಂಬುದು ಸಾಮಾನ್ಯವಾದ ಅಂದಾಜು. ಅಲ್ಲದೆ ನೀವು ಮಾರಿದ ಕಾರು ಮಾಯವಾಗುವುದಿಲ್ಲ. ರಾಮಾಪುರದಲ್ಲಿಯೋ ಕೌದಳ್ಳಿಯಲ್ಲಿಯೋ ಇನ್ನೊಬ್ಬರ ಕೈಯಲ್ಲಿ ನಿಮಗಿಂತ ಹೆಚ್ಚಾಗಿಯೇ ಓಡುತ್ತದೆ. ಅಂಥವರು ತಡೆಯಲಿ, ಹಳೆಯ ಕಾರು ದೊಡ್ಡ ರಿಪೇರಿಯನ್ನು ಕೇಳುವ ದಿನವೇ ಅವರ ಪಾಲಿಗೆ ಬದಲಾವಣೆಯ ದಿನವೆಂದು ನಿಶ್ಚಯಿಸಿಕೊಳ್ಳಲಿ. ಮನೆಯ ಹೆಣ್ಣುಮಕ್ಕಳು ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿನ ಹಣವಿಲ್ಲದೆ ಪ್ರಯಾಣ ಮಾಡುತ್ತಿರುವ ಈ ಕಾಲದಲ್ಲಿ, ಯಜಮಾನರೂ ಅವರ ಜೊತೆ ಬಸ್ಸು ಹತ್ತಿದರೆ ಕಾರಿನ ಪ್ರಶ್ನೆಯೇ ಅರ್ಧ ಕರಗೀತು. ಆದರೆ ಈ ಸಲಹೆಯನ್ನು ಯಾರೂ ಕೇಳಲಾರರೆಂದು ಬಲ್ಲೆನು.

ನಮ್ಮ ಸೀಮೆಗೆ ವಿಶೇಷವಾದ ಇನ್ನೊಂದು ಸಂಗತಿ ಬೆಟ್ಟಗಳದು. ಮಹದೇಶ್ವರನ ಬೆಟ್ಟಕ್ಕಾಗಲಿ ಬಿಳಿಗಿರಿರಂಗನ ಬೆಟ್ಟಕ್ಕಾಗಲಿ ಹೋಗದ ಕಾರು ಈ ಮೂರು ತಾಲ್ಲೂಕುಗಳಲ್ಲಿ ಇರಲಾರದು. ಏರುವಾಗ ಬ್ಯಾಟರಿಯು ಕಣ್ಣೆದುರೇ ಇಳಿಯುವುದನ್ನು ಕಂಡು ಗಾಬರಿಗೊಂಡವರೂ ಉಂಟು. ಇದಕ್ಕೆ ಸರಳವಾದ ಲೆಕ್ಕವಿದೆ. ಒಂದೂವರೆ ಟನ್ನಿನ ಕಾರು ಮುನ್ನೂರು ಮೀಟರು ಎತ್ತರಕ್ಕೆ ಏರುವಾಗ, ಸಮತಲದ ಓಟಕ್ಕೆ ತಗಲುವುದರ ಮೇಲೆ ಸುಮಾರು ಒಂದೂವರೆ ಯೂನಿಟ್ಟು ಹೆಚ್ಚಾಗಿ ಖರ್ಚಾಗುತ್ತದೆ. ಇಳಿಯುವಾಗ ಮೋಟಾರು ತಾನೇ ಉತ್ಪಾದಕವಾಗಿ ತಿರುಗಿ, ಅದರಲ್ಲಿ ಗಣನೀಯ ಭಾಗವನ್ನು ಬ್ಯಾಟರಿಗೆ ಹಿಂದಿರುಗಿಸುವುದಲ್ಲದೆ, ಎರಡನೆಯ ಗೇರಿನಲ್ಲಿ ಇಳಿಸುವ ನಮ್ಮ ಹಳೆಯ ಅಭ್ಯಾಸ ಮಾಡುತ್ತಿದ್ದ ಕೆಲಸವನ್ನೂ ಮಾಡಿ, ಬ್ರೇಕಿನ ಮೇಲಿನ ಭಾರವನ್ನು ಹಗುರಗೊಳಿಸುತ್ತದೆ. ಆದರೆ ಬ್ಯಾಟರಿ ತುಂಬಿದ್ದರೆ ಅದು ಹಿಂದಿರುಗಿದ ಶಕ್ತಿಯನ್ನು ಸ್ವೀಕರಿಸಲಾರದು. ಆದಕಾರಣ ಬೆಟ್ಟದ ಮೇಲೆ ತಂಗಿ ಚಾರ್ಜು ಮಾಡುವವರು ಪೂರ್ತಿ ನೂರಕ್ಕೆ ತುಂಬಿಸದೆ, ಎಂಬತ್ತರ ಸುಮಾರಿನಲ್ಲಿ ನಿಲ್ಲಿಸಿ ತಾಳಬೆಟ್ಟದ ಕಡೆಗೆ ಇಳಿಯುವುದು ಕ್ಷೇಮ. ಬಿಳಿಗಿರಿರಂಗನ ಬೆಟ್ಟದ ದಾರಿಯಾದರೋ ಹುಲಿಗಳ ಸಂರಕ್ಷಿತ ಅರಣ್ಯದೊಳಗಿನದು. ಸಂಜೆಯ ಬಳಿಕ ವಾಹನ ಸಂಚಾರಕ್ಕೆ ಮುಚ್ಚುವ ಆ ದಾರಿಯಲ್ಲಿ ಚಾರ್ಜು ತೀರಿ ನಿಂತವನಿಗೆ ಯಾರ ಮನೆಯ ಪ್ಲಗ್ಗೂ ಸಿಗದು. ಯಳಂದೂರನ್ನು ಬಿಡುವಾಗಲೇ ಅರ್ಧಕ್ಕಿಂತ ಹೆಚ್ಚಿರಲಿ.

ಈಗ ಮುಖ್ಯವಾದ ಬಿನ್ನಹಕ್ಕೆ ಬರುತ್ತೇನೆ. ನಮ್ಮ ಹಳ್ಳಿಗಳ ಮನೆಗಳಲ್ಲಿ ಹೆಚ್ಚಿನವು ಒಂದೆರಡು ದೀಪ, ಒಂದು ರೇಡಿಯೋ ಇದ್ದ ಕಾಲದಲ್ಲಿ ತಂತಿ ಎಳೆಸಿಕೊಂಡವು. ಮಂಜೂರಾದ ಲೋಡು ಒಂದು ಕಿಲೋವ್ಯಾಟು, ಅರ್ತಿಂಗ್ ಎಂಬುದು ಗೋಡೆಯ ಮೂಲೆಯಲ್ಲಿ ಒಣಗಿದ ಗುಂಡಿ. ಅಂಥ ಮನೆಯ 15 ಆಂಪಿಯರಿನ ಪ್ಲಗ್ಗಿಗೆ ಮೂರು ಕಿಲೋವ್ಯಾಟಿನ ಕಾರನ್ನು ರಾತ್ರಿಯೆಲ್ಲ, ಹತ್ತು ಗಂಟೆಗಳ ಕಾಲ, ಕಟ್ಟಿಹಾಕುವುದೆಂದರೆ ಮೇವಿನ ದಾರಿ ನೋಡದೆ ಜೋಡೆತ್ತು ಕೊಂಡಂತೆಯೇ ಸರಿ. ಇಲ್ಲಿ ಹಸಿವಿನ ಜೊತೆಗೆ ಬೆಂಕಿಯ ಭಯವೂ ಉಂಟು. ಕಾರನ್ನು ಬುಕ್ ಮಾಡುವ ಮೊದಲೇ ಲೋಡು ಹೆಚ್ಚಿಸಲು ಅರ್ಜಿ ಕೊಡಿರಿ. ಮೀಟರಿನಿಂದ ಶೆಡ್ಡಿನವರೆಗೆ ದಪ್ಪನೆಯ ಪ್ರತ್ಯೇಕ ತಂತಿಯನ್ನೂ ಹೊಸ ಅರ್ತಿಂಗನ್ನೂ ಮಾಡಿಸಿರಿ. ಪರವಾನಗಿಯುಳ್ಳ ಕಂಟ್ರಾಕ್ಟರಿಗೆ ತೆರುವ ಈ ಹಣವನ್ನು ಕಾರಿನ ಬೆಲೆಯಲ್ಲಿಯೇ ಸೇರಿಸಿ ಲೆಕ್ಕ ಹಾಕತಕ್ಕದ್ದು.

ಅರ್ಜಿಯೆಂಬುದು ಕಾಗದದ ಕಾಟವೆಂದು ಅನೇಕರು ಅದನ್ನು ತಪ್ಪಿಸುತ್ತಾರೆ. ಅದರ ಫಲವನ್ನು ಬೀದಿಯವರೆಲ್ಲ ಉಣ್ಣಬೇಕಾಗುತ್ತದೆ. ಹಳ್ಳಿಯ ಟಿ.ಸಿ.ಗಳು ಸಾಮಾನ್ಯವಾಗಿ 25, 63, 100 ಕೆ.ವಿ.ಎ. ಪ್ರಮಾಣದವು, ಚಿಕ್ಕ ಟಿ.ಸಿ.ಯ ಕೆಳಗಿನ ಏಳೆಂಟು ಕಾರುಗಳು ಸಂಜೆ ಏಳಕ್ಕೆ ಒಟ್ಟಾಗಿ ಚಾರ್ಜಿಗೆ ಕುಳಿತರೆ, ಆ ಬೀದಿಯಲ್ಲಿ ಓದಲು ಕುಳಿತ ಮಕ್ಕಳ ದೀಪಕ್ಕೆ ಉಳಿಯುವುದೇನು? ಟಿ.ಸಿ. ಸುಟ್ಟರೆ ಬದಲಿ ಬರುವವರೆಗೆ ಕುಡಿಯುವ ನೀರಿನ ಮೋಟಾರೂ ನಿಂತೀತು. ಲೋಡು ಕಾಗದದ ಮೇಲೆ ಕಾಣಿಸಿಕೊಂಡಾಗಲೇ ದೊಡ್ಡ ಟಿ.ಸಿ.ಯನ್ನು ಕೇಳಲು ನಮಗೆ ಹಕ್ಕೂ, ಕೊಡಲು ಕಚೇರಿಗೆ ಕಾರಣವೂ ಹುಟ್ಟುತ್ತವೆ. ಅದು ಬರುವವರೆಗೆ, ಈಗಾಗಲೇ ವಿದ್ಯುತ್ ಕಾರು ಇಟ್ಟುಕೊಂಡಿರುವ ಮಹನೀಯರು ರಾತ್ರಿ ಹತ್ತರ ನಂತರ, ಊರು ಮಲಗಿದ ಮೇಲೆ, ಚಾರ್ಜು ಆರಂಭಿಸುವ ಔದಾರ್ಯವನ್ನು ತೋರಬೇಕೆಂದು ಕೈಮುಗಿದು ಬೇಡುತ್ತೇನೆ. ಬಹುತೇಕ ಕಾರುಗಳಲ್ಲಿ ಇದಕ್ಕಾಗಿ ವೇಳೆ ಗೊತ್ತುಮಾಡುವ ಸೌಕರ್ಯವಿದೆ, ಎಚ್ಚರವಾಗಿ ಕಾಯಬೇಕಾಗಿಲ್ಲ.

ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳನ್ನು ಕುರಿತು ಒಂದೇ ಸೂಚನೆ. ಹೆದ್ದಾರಿಯ ಮೇಲೆ, ಬಸ್ ನಿಲ್ದಾಣಗಳ ಬಳಿ, ಶೀಘ್ರವಾಗಿ ತುಂಬುವ ದುಬಾರಿ ಯಂತ್ರಗಳು ಬೇಕು. ಆದರೆ ಮಹದೇಶ್ವರ ಬೆಟ್ಟದಲ್ಲಿ ರಾತ್ರಿ ತಂಗುವ ಭಕ್ತರಿಗೆ ಅಂಥ ಯಂತ್ರ ಅನವಶ್ಯಕ. ವಸತಿಗೃಹಗಳ ಮುಂದೆ ಮೀಟರು ಸಹಿತವಾದ ಸಾಧಾರಣ ಪ್ಲಗ್ಗುಗಳ ಒಂದು ಸಾಲು ಸಾಕು, ಬೆಳಗಿನ ಪೂಜೆಯ ವೇಳೆಗೆ ಕಾರು ಇಳಿಯಲು ಸಿದ್ಧ. ಖರ್ಚು ಅಲ್ಪ, ಶಿವರಾತ್ರಿಯ ಜಾತ್ರೆಗೆ ಮುಂಚೆ ಮಾಡಬಹುದಾದ ಕೆಲಸ. ಕ್ಷೇತ್ರದ ಪ್ರಾಧಿಕಾರದವರು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕೆಂದು ಪ್ರಾರ್ಥನೆ.

ಓದುಗ ಮಹಾಶಯರು ದಯಮಾಡಿ ಮೂರು ತಿಂಗಳ ಕಾಲ ತಮ್ಮ ಈಗಿನ ಕಾರಿನ ಓಟವನ್ನು ಒಂದು ಪುಸ್ತಕದಲ್ಲಿ ಬರೆದಿಡಲಿ. ನಾಲ್ಕರಿಂದ ಗುಣಿಸಿದರೆ ವರ್ಷದ ಓಟ ತಿಳಿಯುತ್ತದೆ. ಅದು 15,000 ಕಿಲೋಮೀಟರನ್ನು ಮೀರಿದವರು, ಮನೆಯಲ್ಲಿ ಸ್ವಂತ ಅಂಗಳವಿದ್ದರೆ, ಕಾಯುತ್ತ ಕೂರುವುದಕ್ಕೆ ಕಾರಣ ಕಾಣೆ. ಐದಾರು ಸಾವಿರದೊಳಗಿನವರು ನಿಶ್ಚಿಂತರಾಗಿ ಹಳೆಯ ಕಾರನ್ನೇ ನೋಡಿಕೊಂಡಿರಲಿ. ನಡುವಿನವರು ಹಳೆಯ ಕಾರಿನ ವಯಸ್ಸನ್ನು ನೋಡಿ ನಿರ್ಧರಿಸಲಿ. ಮುಂದಿನ ಗ್ರಾಮಸಭೆಗೆ ಆ ಪುಸ್ತಕವನ್ನು ತನ್ನಿರಿ. ಯಾವ ಬೀದಿಯಲ್ಲಿ ಎಷ್ಟು ಮಂದಿ ಎರಡು ಮೂರು ವರ್ಷದೊಳಗೆ ವಿದ್ಯುತ್ ವಾಹನಕ್ಕೆ ಬರಲಿದ್ದಾರೆಂಬ ಪಟ್ಟಿಯನ್ನು, ಸ್ಕೂಟರುಗಳನ್ನೂ ಸೇರಿಸಿ, ಅಲ್ಲಿಯೇ ತಯಾರಿಸಿ ಪಂಚಾಯಿತಿಯ ಮೂಲಕ ಸೆಸ್ಕ್ ಕಚೇರಿಗೆ ಸಲ್ಲಿಸೋಣ. ಕೊಳ್ಳದಿರಲು ನಿಶ್ಚಯಿಸಿದವರ ಸಹಿಯೂ ಅದರಲ್ಲಿರಲಿ. ಅವರ ಮನೆಯ ದೀಪವೂ ಅದೇ ಟಿ.ಸಿ.ಯಿಂದ ಉರಿಯುತ್ತಿದೆ.